ಅರವತ್ತು ಪದರ

ರಾತ್ರಿ ಹನ್ನೊಂದೂವರೆಗೆ ಹೊನ್ನೂರಸಾಬರ ಫೋನು.
"ತಂಗೀ, ಅಂಗಡಿ ತೆರೀವಲ್ದು."
ಯಾವ ಅಂಗಡಿ ಎಂದು ಕೇಳಲಿಲ್ಲ ನಾನು.
ಕೌಲ್ ಬಜಾರಿನದಕ್ಕೆ ಷಟರು ಇದೆ, ಬೀಗ ಇದೆ,
ಕೀಲಿ ಅವರ ಜುಬ್ಬಾದ ಜೇಬಿನಲ್ಲಿದೆ.
ಇನ್ನೊಂದರ ಕೀಲಿ ಮಾತ್ರ ನನ್ನ ಹತ್ತಿರ.

ತೆರೆದೆ. ಬಿಳಿ.
ಒಗೆದು ಒಗೆದು ಬಣ್ಣ ಬಿಟ್ಟ ಡೆನಿಮ್ಮಿಗಿಂತ ಬಿಳಿ.
ಮೇಲುಗಡೆ ಒಂದೇ ಸಾಲು, ತಪ್ಪೊಪ್ಪಿಗೆಯಂಥದು:
ಕೊಟ್ಟಿದ್ದು ಹದಿಮೂರು ಕೋಟಿ ನಲವತ್ತೆರಡು ಲಕ್ಷ
ಹದಿನೇಳು ಸಾವಿರದ ಏಳುನೂರ ಇಪ್ಪತ್ತೆಂಟು ಬೈಟು,
ಎಲ್ಲ ತೀರಿತು.
ಇಷ್ಟು ಚಿಲ್ಲರೆಯವರೆಗೆ ಲೆಕ್ಕ ಒಪ್ಪಿಸಿ ಸಾಯುವವರು
ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಫೈಲು ಬಿಚ್ಚಿ ನೂರಿಪ್ಪತ್ತೆಂಟು ಅಳಿಸಿ
ಇನ್ನೂರೈವತ್ತಾರು ಬರೆದೆ.
ಒಂದು ಗಳಿಗೆ ಉಸಿರಾಡಿತು, ಮತ್ತೆ ಬಿಳಿ.
ಐನೂರಹನ್ನೆರಡು ಬರೆದೆ; ಓದಲೇ ಇಲ್ಲ ಅದು.
ಬಾಡಿಗೆ ಮನೆ. ಗೋಡೆ ಒಡೆಯೋ ಹಕ್ಕು ನಮಗಿಲ್ಲ.
ಸರ್ವರಿನವರು ಹಿಂದಿಯಲ್ಲಿ ನಯವಾಗಿ ಹೇಳಿದರು,
ದೊಡ್ಡ ಪ್ಲಾನು ತಗೊಳ್ಳಿ ಮೇಡಂ,
ವರ್ಷಕ್ಕೆ ಒಂಬತ್ತೂವರೆ ಸಾವಿರ.

ಮರುದಿನ ಸುದ್ದಿ ಮುಟ್ಟಿಸಲು ಯುನಿಟ್ಟಿಗೆ ಹೋದೆ.
ಸಾಬರು ಬೆರಳಲ್ಲಿ ಏನೋ ಎಣಿಸಿ
"ನಲವತ್ತು ಗ್ರೋಸು ಗುಂಡಿ" ಎಂದರು.
ಬೇರೇನೂ ಅನ್ನಲಿಲ್ಲ.

ಒಳಗೆ ಉದ್ದನೆಯ ಮೇಜು. ಕಟಿಂಗ್ ಮಾಸ್ತರ ಎರ್ರಿಸ್ವಾಮಿ
ಬಟ್ಟೆ ಹಾಸುತ್ತಿದ್ದ, ಪದರದ ಮೇಲೆ ಪದರ,
ಸೀಮೆಸುಣ್ಣ ಕಿವಿಯ ಸಂದಿಯಲ್ಲಿ.
ಅರವತ್ತಕ್ಕೆ ನಿಲ್ಲಿಸಿದ.
ಇನ್ನೂ ಅರ್ಧ ಥಾನು ಉಳಿದಿದೆಯಲ್ಲ, ಕೇಳಿದೆ,
ಎಲ್ಲಾ ಒಮ್ಮೆಲೇ ಹಾಸಬಾರದಾ?
ಅವನು ನಗಲಿಲ್ಲ.
"ಹಾಸಬೌದು. ಬ್ಲೇಡು ಬಾಗತೈತಿ.
ಮ್ಯಾಲಿಂದು ಮೂವತ್ತೆರಡು, ಕೆಳಗಿಂದು ಮೂವತ್ಮೂರು.
ಮಿಷನ್ನಿಗೆ ತಾಕತ್ತು ಇಲ್ಲಂತಲ್ಲಕ್ಕಾ,
ಹಾಸೋನಿಗೆ ಲೆಕ್ಕ ಇರಬೇಕು."

ಲೆಕ್ಕ ನೋಡಿದೆ ಆ ಮಧ್ಯಾಹ್ನ.
ಸಾವಿರದ ನೂರ ನಲವತ್ತು ಪ್ಯಾಂಟಿನ ಫೋಟೊ,
ಫೋನಿನಲ್ಲಿ ಹಿಡಿದದ್ದು ಹಿಡಿದ ಹಾಗೇ.
ಲಾತೂರಿನ ಗಿರಾಕಿ ಒಂದು ಕೇಳಿದರೆ ಸಾಕು,
ಇಡೀ ಗೋದಾಮು ಹೆಗಲ ಮೇಲೆ ಹೊತ್ತು
ಅವನ ಮುಂದೆ ಸುರಿಯಲು ಹೊರಡುತ್ತಿತ್ತು ಪುಟ,
ಹೊಸಿಲಲ್ಲೇ ಕುಸಿಯುತ್ತಿತ್ತು.
ಹಾಗೆ ಬರೆದವಳು ನಾನೇ. ಎರಡು ವರ್ಷದ ಕೆಳಗೆ,
ನಲವತ್ತೇ ಪ್ಯಾಂಟು ಇದ್ದಾಗ.

ಇಪ್ಪತ್ನಾಲ್ಕು ಮಾತ್ರ ತಾ ಎಂದು ಬರೆದೆ.
ಬೇಕೆಂದರೆ ಮುಂದಿನ ಇಪ್ಪತ್ನಾಲ್ಕು.
ಮಿತಿ ಮತ್ತೆ ಹಳೆಯ ನೂರಿಪ್ಪತ್ತೆಂಟೇ.
ಆಮೇಲೆ ಫೋಟೊಗಳ ತೂಕ ಇಳಿಸುತ್ತ ಕೂತೆ.
ಹೊರಗೆ ರಾತ್ರಿ ಹತ್ತಾದರೂ ಗುಡ್ಡ
ಹಗಲಲ್ಲಿ ಕಡ ತಂದ ಬಿಸಿಲನ್ನು
ಊರಿಗೆ ಮರಳಿಸುತ್ತಲೇ ಇತ್ತು.

ಆರುನೂರ ಹದಿನೇಳನೆಯದು ಪ್ಯಾಂಟಲ್ಲ.
ನೀಲಿ ಚಿಂದಿಯ ರಾಶಿ, ಅದರ ಮೇಲೆ
ಬಾಯಿ ತೆರೆದು ಮಲಗಿದ ಮಗು,
ಅಂಗಾಲು ಪೂರಾ ನೀಲಿ.
ದರ: ನಾನೂರ ಎಪ್ಪತ್ತು. ಸೈಜು: ಲಭ್ಯವಿಲ್ಲ.

ಫೋನು ಮಾಡಿದೆ. "ಗುಂಡಿ ಹಾಕೋ ದುರುಗಮ್ಮಂದು ಇರಬೇಕು,
ಈಗ ಸಾಲಿಗೆ ಹೊಕ್ಕೈತಿ ಅದು."
ತೆಗೆದುಬಿಡಲಾ ಅಂದೆ.
ಆ ಕಡೆ ಹೊಲಿಗೆ ಮಿಷನ್ನಿನ ಸದ್ದು, ಅಷ್ಟೇ.
ಹನ್ನೊಂದು ಎಂಬಿಯನ್ನು ತೊಂಬತ್ತು ಕೆಬಿಗೆ ಇಳಿಸಿದೆ.
ನಿದ್ದೆಯೇನೂ ಕಡಿಮೆಯಾದಂತೆ ಕಾಣಲಿಲ್ಲ.

ಕೂಲಿ ಐನೂರು ರೂಪಾಯಿ, ಮೇಲೊಂದು ಜೀನ್ಸು.
ಹಾಕಿ ನೋಡಿದರೆ ಎಡಗಾಲು ಒಂದಿಂಚು ಉದ್ದ.
"ತಳದ ಪದರದ್ದು," ಎಂದ ಎರ್ರಿಸ್ವಾಮಿ, ನನ್ನತ್ತ ನೋಡದೆ,
"ನಾ ಕೆಲಸ ಕಲಿಯೋವಾಗಿಂದು."

ಎಡಗಾಲು ಮಡಚಿ ಹಾಕಿಕೊಳ್ಳುತ್ತೇನೆ.