ಕುಸುಬೆ ಎಲೆಯ ಕಂಬ

ಏಣಿಯ ಹದಿನೇಳನೆಯ ಮೆಟ್ಟಿಲಲ್ಲಿ
ಬೆರಳಿಗೆ ತಾಗಿದ್ದು ಮುಳ್ಳು.
ಕಲ್ಲಿನ ಮುಳ್ಳು. ಎಂಟು ಪದರ ಸುಣ್ಣದ ಕೆಳಗೂ
ಮೊನೆ ಉಳಿಸಿಕೊಂಡದ್ದು.

ಉಪದೇಶಿ ಚೌರಪ್ಪ ಕೆಳಗಿನಿಂದ ಕೂಗಿದ:
'ಏನಾತೋ ಲಾಲಸಾಬ, ಚೇಳೇನು?'
'ಚೇಳಲ್ಲ ಬಿಡ್ರಿ, ಎಲಿ.'

ನಾನು ಗಾರೆಯವನು. ಗುಡಿಯ ಶಿಖರಕ್ಕೂ ಹತ್ತಿದ್ದೇನೆ,
ಮಸೂತಿಯ ಮಿನಾರಕ್ಕೂ,
ಲಿಂಗಸೂಗೂರಿನ ಸಾಹುಕಾರರ ನೀರಿನ ಟಾಕಿಗೂ.
ಮೇಲೆ ನಿಂತು ನೋಡಿದರೆ ಎಲ್ಲ ದೇವರ ನೆತ್ತಿಯೂ
ಪಾರಿವಾಳದ ಹಿಕ್ಕೆಯೇ.

ಈ ಇಗರ್ಜಿ ದೊಡ್ಡದೇನಲ್ಲ.
ಮುದಗಲ್ಲ ಕೋಟೆಯ ಬೆನ್ನಿಗೆ ಎರಡು ಹರದಾರಿ,
ಹೆಬ್ಬಂಡೆಗಳ ನಡುವೆ ಕುರಿ ಕೂತಂತೆ ಕೂತಿದೆ.
ಮುಂದೆ ಮೂರು ಕಮಾನು, ನಡುವಿನದು ತುಸು ಸೊಟ್ಟ.
ಗೋಡೆ ಎರಡು ಮೊಳ ದಪ್ಪ,
ಒಳಗೆ ಏಪ್ರಿಲ್ಲಿನಲ್ಲೂ ಹೊಸ ಗಡಿಗೆಯ ತಂಪು.
ಬಲಿಪೀಠದ ಮೇಲೆ ಅರೆಗುಮ್ಮಟ.
ಅದು ವಿಜಾಪುರದ ಕಡೆಯ ಕೈ, ನೋಡಿದೊಡನೆ ಗೊತ್ತಾಗುತ್ತದೆ:
ಕಮಾನಿಗೆ ಕಮಾನು ಹೆಣೆದು
ಮೇಲಿನ ಭಾರವನ್ನು ಸದ್ದಿಲ್ಲದೆ ಗೋಡೆಗೆ ದಾಟಿಸುವ ಜಾಣತನ.

ಕಂಬ ಮಾತ್ರ ಯಾರ ಕೈ?

ಚೌರಪ್ಪನಿಗೆ ಅಜ್ಜಿ ಜ್ಞಾನಮ್ಮ ಹೇಳಿದ್ದು,
ಆಕೆಗೆ ಯಾರು ಹೇಳಿದರೋ:
ಇಟಲಿಯ ಯಾವುದೋ ಊರಿಂದ ಬಂದ ಪಾದ್ರಿ.
ಹೆಸರು ಯಾರ ನಾಲಗೆಗೂ ಹತ್ತದೆ ಗಡ್ಡದ ಸ್ವಾಮಿಯಾದ.
ಅವನ ಊರಲ್ಲಿ ಓಣಿಗೊಂದು ಇಗರ್ಜಿಯಂತೆ,
ಒಂದರ ಗಂಟೆ ನಿಂತರೆ ಇನ್ನೊಂದರದು ಶುರುವಂತೆ,
ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು,
ನೆಲಮಾಳಿಗೆಗೆ ಇಳಿದರೆ
ಮರೆತುಹೋದ ದೇವರ ಕಂಬವೇ
ಈ ದೇವರ ಸೂರು ಹೊತ್ತು ನಿಂತಿದೆಯಂತೆ.

ಕಾಗದ ಮುಗಿದಿತ್ತು. ಇದ್ದಿಲು ಹಿಡಿದು
ಅದನ್ನೆಲ್ಲ ಬಂಡೆಯ ಮೇಲೆ ಬರೆದ.
ಕಂಬ ಬರೆದ. ಕಂಬದ ತಲೆಗೆ ಎಲೆ ಬರೆದ,
ಅಂಚು ಹರಿದ, ತುದಿ ಬಾಗಿದ ಎಲೆ.
ಹೆಸರೂ ಹೇಳಿದ. ಆ ಗಿಡ ಇಲ್ಲಿಲ್ಲ.

ರಾತ್ರಿ ಅಡ್ಡಮಳೆ.
ಬೆಳಿಗ್ಗೆ ಕಲ್ಲುಕುಟಿಗ ತಿಪ್ಪಣ್ಣ ಬಂದರೆ
ಬಂಡೆ ತೊಳೆದಿಟ್ಟ ಗಂಗಾಳ.
ಪಾದ್ರಿ ಜ್ವರದಲ್ಲಿ ತನ್ನ ಭಾಷೆ ಬಡಬಡಿಸುತ್ತಿದ್ದ.
'ಎಲಿ. ಮುಳ್ಳಿನೆಲಿ.' ಇಷ್ಟೇ ನೆನಪು.
ತಿಪ್ಪಣ್ಣ ಎರಿಹೊಲದ ಬದುವಿಗೆ ಹೋಗಿ ಕೂತ.
ಅಲ್ಲಿ ಸಾಲು ಹಿಡಿದು ನಿಂತಿತ್ತು, ಜೋಳಕ್ಕೆ ಬೇಲಿಯಾಗಿ,
ದನ ಬಾಯಿ ಹಾಕದ ಕುಸುಬೆ.

ಈಗ ನನ್ನ ಹಳೆಯ ಹಲ್ಲುಬ್ರಶ್ಶಿನ ಕೆಳಗೆ ಅದೇ:
ಗರಗಸದ ಅಂಚು, ನಡುನರ,
ನಾಲ್ಕು ಮೂಲೆಗೂ ಒಂದೊಂದು ಮೊಗ್ಗು,
ನಾಳೆ ಬಿರಿಯುವಷ್ಟು ಬಿಗಿ.
ಎರಡನೆಯ ಕಂಬದಲ್ಲಿ ಒಂದೆಲೆ ಅರ್ಧ.
ಮಿಡತೆ ತಿಂದದ್ದನ್ನೂ ಕೆತ್ತಿದನೋ
ಉಳಿ ಜಾರಿತೋ.

ಜ್ವರ ಬಿಟ್ಟೆದ್ದ ಪಾದ್ರಿ ಏನೆಂದ?
ಇಲ್ಲಿ ಅಜ್ಜಿಯರಿಗೆ ಜಗಳ.
ಒಬ್ಬಳ ಪ್ರಕಾರ ನಕ್ಕ. ಒಬ್ಬಳ ಪ್ರಕಾರ
ಕಂಬಕ್ಕೆ ಹಣೆ ಹಚ್ಚಿ ಅತ್ತ. ಜ್ಞಾನಮ್ಮ ಹೇಳುವುದು,
ಏನೂ ಅನ್ನಲಿಲ್ಲ, ಕೂಲಿ ಎಣಿಸಿ ಕೊಟ್ಟ,
ಎರಡು ಕಾಸು ಕಡಿಮೆ.

ಕಿಸೆಯಲ್ಲಿ ಗುತ್ತಿಗೆದಾರರ ಫೋನು ಬಡಿದುಕೊಳ್ಳುತ್ತಿದೆ:
ಸಿಮೆಂಟು ಮೆತ್ತಿ ಸಪಾಟು ಮಾಡು,
ಹಬ್ಬದೊಳಗೆ ಬಣ್ಣ ಆಗಬೇಕು.
ಗಾಣದಲ್ಲಿ ನನ್ನ ಸುಣ್ಣ ಇನ್ನೂ ಅರೆಯುತ್ತಿದೆ,
ಬೆಲ್ಲದ ನೀರು, ಅಳಲೆಕಾಯಿ, ಹದ ಬರುವ ತನಕ.
ಹದ ಯಾರ ಮಾತೂ ಕೇಳುವುದಿಲ್ಲ.

ಮಧ್ಯಾಹ್ನ ಚೌರಪ್ಪನ ಮನೆಯಿಂದ ರೊಟ್ಟಿ,
ಗುರೆಳ್ಳು ಪುಡಿ, ಮೇಲೆ ಧಾರಾಳ ಕುಸುಬೆ ಎಣ್ಣೆ.
'ಎಷ್ಟು ಮುಗೀತೋ?'
'ಮೂರೆಲಿ ಆತು. ಇಪ್ಪತ್ತೊಂದು ಉಳದಾವ.'
'ಎಣ್ಣಿಗೈ ಕಂಬಕ್ಕ ಒರಸಬ್ಯಾಡ ಮತ್ತ.'

ಲುಂಗಿಗೆ ಒರೆಸಿಕೊಂಡೆ. ಏಣಿ ಹತ್ತಿದೆ.