ಸದ್ದಿನಲ್ಲೊಂದು ಸಂದು

ಕುವೊಪಿಯೊ, ಜನವರಿ. ಒಂಬತ್ತೂವರೆಗೂ ಬೆಳಕಿಲ್ಲ.
ಸರೋವರ ಹೆಪ್ಪುಗಟ್ಟಿ ಅದರ ಮೇಲೆ
ಕಾರುಗಳು ಓಡಾಡುತ್ತಿವೆ.
ನೆಲಮಾಳಿಗೆಯ ಈ ಕೋಣೆಗೆ ಎರಡು ಬಾಗಿಲು,
ನಡುವೆ ಒಂದು ಗೇಣು ಸ್ಪಂಜು.
ಗೋಡೆಗೂ ಕಿವಿಯುಂಟು ಎನ್ನುತ್ತಾರೆ,
ಉಂಟು,
ಈ ಗೋಡೆ ಕೇಳಿದ್ದನ್ನೆಲ್ಲ ನುಂಗಿ ಸುಮ್ಮನಿರುತ್ತದೆ.

ಇಲಿಗಳಿಗೆ ಅರಿವಳಿಕೆ ಕೊಟ್ಟು
ಎಡಗಿವಿಗೆ ಒಂದು ತಾಸು ಸದ್ದು ಸುರಿದದ್ದು ನಾನೇ,
ಏಳು ವಾರದ ಹಿಂದೆ.
ಬಲಗಿವಿಗೆ ಬಿರಡೆ ಇಟ್ಟದ್ದೂ ನಾನೇ.
ಪುಸ್ತಕದಲ್ಲಿ ನನ್ನ ಸಹಿ ಇದೆ, ದುಂಡಗೆ.

ಈಗ ಕೇಳಬೇಕು: ನಿನಗೆ ಗುಂಯ್ ಎನ್ನುತ್ತಿದೆಯೆ?
ಮನುಷ್ಯನಾದರೆ ಹೇಳುತ್ತಾನೆ, ಜೀರುಂಡೆಯ ಹಾಗೆ ಡಾಕ್ಟರೇ,
ಕುದಿಯುವ ಕೆಟಲಿನ ಹಾಗೆ,
ಟೀವಿ ಆರಿಸಿದ ಮೇಲೂ ಉಳಿಯುವ ಎಳೆಯ ಹಾಗೆ.
ಇಲಿಗೆ ‘ಹಾಗೆ’ ಇಲ್ಲ.

ಅದಕ್ಕೇ ಈ ಉಪಾಯ:
ಒಂದೇ ಸಮನೆ ಸಣ್ಣ ಮೊರೆತ,
ಅದರ ನಡುವೆ ಐವತ್ತು ಮಿಲಿಸೆಕೆಂಡಿನ ಸಂದು,
ಅಲ್ಲಿ ಏನೂ ಇಲ್ಲ,
ಬೆನ್ನಿಗೇ ಢಮ್ಮೆಂದು ಒಂದು ಸಿಡಿತ.
ಕಿವಿ ತಿಳಿಯಾಗಿದ್ದರೆ ಇಲಿ ಸಂದನ್ನು ಗುರುತಿಸುತ್ತದೆ,
ಏನೋ ಬರಲಿದೆಯೆಂದು ಮೈ ಬಿಗಿಹಿಡಿದು
ಕಡಿಮೆ ಬೆಚ್ಚುತ್ತದೆ.
ತಲೆಯೊಳಗೆ ಸದ್ದು ಬಿಡಾರ ಹೂಡಿದ್ದರೆ
ಸಂದು ಆಗಲೇ ಭರ್ತಿ,
ಇಲಿ ಪೂರ್ತಿ ಬೆಚ್ಚುತ್ತದೆ.
ಕಾಲಡಿಯ ಹಲಗೆ ಆ ಬೆಚ್ಚನ್ನು ತೂಗಿ
ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ.
ಇಷ್ಟೇ ನಮ್ಮ ಮಾತುಕತೆ.

ಮೌನ ಸಮ್ಮತಿಯ ಲಕ್ಷಣ ಎಂಬುದನ್ನು
ಇಲ್ಲಿ ನಿಂತು ಆಡಲಾರೆ.

ಪಂಜರ ತೊಳೆಯುವ ತಾರ್ಮೊ
ಇಪ್ಪತ್ತಾರು ವರ್ಷ ಕಾಗದದ ಗಿರಣಿಯಲ್ಲಿದ್ದವನು,
ಮೂರನೆಯ ಯಂತ್ರದ ಪಕ್ಕ.
‘ಅಲ್ಲಿ ನಾವು ಕೈಯಲ್ಲೇ ಬೈದಾಡುತ್ತಿದ್ದೆವು’ ಎನ್ನುತ್ತಾನೆ.
ರಾತ್ರಿ ರೇಡಿಯೋದ ಎರಡು ಸ್ಟೇಷನ್ನುಗಳ ನಡುವಿನ
ಸರಸರ ಹಾಕಿಕೊಂಡೇ ಮಲಗುತ್ತಾನಂತೆ.
ಯಾಕೆಂದು ನಾನು ಕೇಳಿಲ್ಲ.
ಇಲಿಗಳನ್ನು ಕೇಳುತ್ತೇನೆ, ಸಂಬಳ ಅದಕ್ಕೆ.

ಇಂದು ಹದಿನಾಲ್ಕನೆಯದು.
ಇದಕ್ಕೆ ಸದ್ದು ಕೊಟ್ಟಿಲ್ಲ, ಹೋಲಿಕೆಗೆಂದು ಇಟ್ಟದ್ದು,
ಅರಿವಳಿಕೆ ಮಾತ್ರ, ಒಂದು ತಾಸು ನಿಶ್ಶಬ್ದ.
ಸಂದು ಬಂತು, ಹೋಯಿತು.
ಇಲಿ ಪೂರ್ತಿ ಬೆಚ್ಚಿತು.
ಮತ್ತೆ.
ಮತ್ತೆ ಪೂರ್ತಿ.
ಸ್ಪೀಕರ್ ನೋಡಿದೆ, ತಂತಿ ನೋಡಿದೆ,
ಬಾಲದ ಮೇಲಿನ ಅಂಕಿ ನೋಡಿದೆ.
ಎಲ್ಲ ಸರಿ ಇತ್ತು.

ಏನು ಕೇಳಿಸುತ್ತಿದೆ ತಾಯಿ ನಿನಗೆ,
ನಾವು ಕೊಡದೆ ಬಂದದ್ದು?
ಪಂಜರದ ಫ್ಯಾನೇ? ಇರುಳೆಲ್ಲ ಸರಳು ಕಡಿಯುವ
ಪಕ್ಕದವಳ ಹಲ್ಲೇ?
ಇಲ್ಲಾ ಹುಟ್ಟುತ್ತಲೇ ತಂದುಕೊಂಡೆಯಾ,
ಕೆಲವರು ಮಚ್ಚೆ ತರುವಂತೆ?

ತಾರ್ಮೊ ಬಕೀಟು ಕೆಳಗಿಟ್ಟ.
‘ಇವಳನ್ನು ಲೆಕ್ಕದಿಂದ ತೆಗೀತೀರಾ?’
ಗೊತ್ತಿಲ್ಲ ಅಂದೆ. ಕೇಳಿಸಲಿಲ್ಲವೇನೋ,
ಎರಡನೆಯ ಸಲ ಅಂದೆ.
ಅವನು ಬೊಗಸೆಯಲ್ಲಿ ಅದನ್ನು ಎತ್ತಿಕೊಂಡು
ನಿಂತ ಗಡಿಯಾರವನ್ನು ಹಿಡಿಯುವಂತೆ
ಕಿವಿಯ ಬಳಿ ಹಿಡಿದ.

ಏನಾದರೂ ಕೇಳಿಸ್ತಾ? ತಮಾಷೆಗೇ ಕೇಳಿದ್ದು.

ತುಸು ಹೊತ್ತು ಕಣ್ಣು ಮುಚ್ಚಿ ನಿಂತಿದ್ದ.
‘ಇಲ್ಲ,’ ಎಂದ, ‘ನಂದೇ ಜೋರಾಗಿದೆ.’

ಅವನ ಹೆಬ್ಬೆರಳಿನ ಮೇಲೆ ಕೂತು
ಅದು ಮುಖ ತೊಳೆದುಕೊಳ್ಳತೊಡಗಿತು,
ಮೊದಲು ಎಡಗಿವಿಯ ಹಿಂದೆ.