ಇಲ್ಲದೆ

ಬಿದೂನ್ ಅಂದರೆ 'ಇಲ್ಲದೆ', ಅಷ್ಟೆ.
ಏನಿಲ್ಲದೆ, ಎಂದು ಮೊದಲ ದಿನವೇ ಕೇಳಿದ್ದೆ.
ಕಡತದಿಂದ ತಲೆಯೆತ್ತದೆ ಮೌದಿ ಮೇಡಂ
'ಪದ ಅಲ್ಲಿಗೇ ಮುಗಿಯುತ್ತದೆ' ಅಂದಿದ್ದರು.

ನಮ್ಮಲ್ಲಿ ಅದು ಮುಗಿಯುವುದಿಲ್ಲ.
ಇಲ್ಲದೆ ಅಂದರೆ ಮುಂದೊಂದು ಕ್ರಿಯಾಪದ
ಬಾಗಿಲಲ್ಲಿ ನಿಂತು ಕಾಯುತ್ತಿರುತ್ತದೆ:
ಇಲ್ಲದೆ ಬದುಕಿದ. ಇಲ್ಲದೆ ಹೋದ. ಇಲ್ಲದೆಯೂ ಬಂದ.

ಜಹ್ರಾದಲ್ಲಿ, ಟೈರು ಅಂಗಡಿಯ ಮಾಳಿಗೆಯ ಮೇಲೆ ಕಚೇರಿ.
ನಾನು ಬೆರಳಚ್ಚುಗಾರ,
ಹನ್ನೊಂದು ವರ್ಷದಿಂದ ಬಲದಿಂದ ಎಡಕ್ಕೆ.
ಪಾಸ್‌ಪೋರ್ಟಿನಲ್ಲಿ ಸುಧೀರ್ ಕುಮಾರ್.
ಕುಮಾರ್ ಒಳ್ಳೆಯ ಹೆಸರು, ಏನನ್ನೂ ಹೇಳುವುದಿಲ್ಲ.

ಆ ಸೆಪ್ಟೆಂಬರಿನಲ್ಲಿ ಬಂದವಳು ಘಾಲಿಯಾ. ಏಳು ವರ್ಷ.
ಅಪ್ಪ ವರ್ತುಲರಸ್ತೆಯ ಬದಿಯಲ್ಲಿ
ಪಿಕಪ್ ನಿಲ್ಲಿಸಿ ಕಲ್ಲಂಗಡಿ ಮಾರುವವನು.
ಅವಳ ಪಕ್ಕದ ಮನೆಯ ಹುಡುಗಿಗೆ ಶಾಲೆಯುಂಟು.
ಇಬ್ಬರದೂ ಒಂದೇ ಮಾತು, ಒಂದೇ ನಮಾಜು,
ಒಂದೇ ನಲ್ಲಿಯ ಉಪ್ಪುನೀರಿಗೆ ಕಂದಿದ ಒಂದೇ ಕೂದಲು.
ಗೇಟಿನ ಕಾವಲುಗಾರ ಮಾತ್ರ ದೂರದಿಂದಲೇ
ಇವಳನ್ನು ಗುರುತಿಸುತ್ತಿದ್ದ.
ಹೇಗೆ, ಎಂದು ಮೇಡಂ ಕೇಳಿದರು.
'ಅವಳೇ ನಿಲ್ಲುತ್ತಾಳೆ, ಮಿಕ್ಕವರು ಓಡುತ್ತಾರೆ.'

ಮೂರು ಸಲ ತಾರೀಕು ಮುಂದೆ ಹೋಯಿತು.
ಮೇಡಂಗೆ ಬರುತ್ತಿದ್ದ ಮದುವೆ ಕರೆಯೋಲೆಗಳು ಕಡಿಮೆಯಾದವು.
ಕಾರಿನ ಡಿಕ್ಕಿಯಲ್ಲಿ ಅರವತ್ತೆರಡು ಮಕ್ಕಳ ಅರ್ಜಿ,
ಬಿಸಿಗೆ ಗೋಂದು ಬಿಟ್ಟು ಉದುರಿದ ಫೋಟೋಗಳು;
ಯಾರ ಮುಖ ಯಾರ ಹಾಳೆಗೆಂದು
ಒಂದಿಡೀ ಶುಕ್ರವಾರ ಕೂತು ಮತ್ತೆ ಅಂಟಿಸಿದೆವು.

ಆವತ್ತೇ ಚಹಾ ಬಗ್ಗಿಸುತ್ತ ಕೇಳಿದರು:
'ನಿಮ್ಮ ದೇಶದಲ್ಲಿ ಹೀಗೆಲ್ಲ ಇಲ್ಲ, ಅಲ್ಲವಾ ಸುಧೀರ್?'
ಇಲ್ಲ, ಅಂದೆ.
ಎಷ್ಟು ಸಲೀಸಾಗಿ ಬಂತು ಆ ಮಾತು,
ಊರಿನ ಸಂಘದ ಓಣಂ-ದೀಪಾವಳಿ ಊಟಗಳಲ್ಲಿ
'ನೀವು ಯಾವ ಪೈಕಿ' ಎಂದವರಿಗೆ
'ಕಿನ್ನಿಗೋಳಿ ಕಡೆ' ಅಂದಂತೆಯೇ.

ತೀರ್ಪಿನ ದಿನ ಅವರು ಎದ್ದು ನಿಂತು ಹೇಳಿದ್ದು ಇಷ್ಟು:
'ನಾನು ಪೌರತ್ವ ಕೇಳುತ್ತಿಲ್ಲ.
ಒಂದು ಬೆಂಚು ಕೇಳುತ್ತಿದ್ದೇನೆ.
ಅದರ ಅರ್ಧ ಕೊಟ್ಟರೂ ಸಾಕು, ಮಗು ಚಿಕ್ಕದು.'
ನ್ಯಾಯಾಧೀಶರು ಕನ್ನಡಕ ಒರೆಸಿದರು.
ಇದು ತಮ್ಮ ವ್ಯಾಪ್ತಿಯ ವಿಷಯವಲ್ಲ, ಅಂದರು.
ನಾಲ್ಕು ನಿಮಿಷ. ನಾನು ಗಡಿಯಾರ ನೋಡಿದ್ದೆ.

ಸಂಜೆ ದೂಳುಗಾಳಿ. ಕಿಟಕಿಯ ಸಂದಿಗೆ ಒದ್ದೆ ಟವಲು ತುರುಕಿ
'ಮೇಲ್ಮನವಿ, ಬರೆದುಕೊಳ್ಳಿ' ಅಂದರು.
ನನ್ನ ಬೆರಳು ಏಳಲಿಲ್ಲ.
ಮೇಡಂ, ನಾನು ಸುಳ್ಳು ಹೇಳಿದ್ದೆ.

ನನ್ನಪ್ಪ ಐತ ಶಾಲೆಯ ಜಗಲಿಯಲ್ಲಿ ಕೂತು ಕಲಿತವನು.
ಒಳಗೆ ಬರಬೇಡವೆಂದು ಯಾರೂ ಬರೆದಿಟ್ಟಿರಲಿಲ್ಲ,
ಬರೆದಿದ್ದರೆ ಕೋರ್ಟಿಗಾದರೂ ಹೋಗಬಹುದಿತ್ತು.
ಕಿಟಕಿಯಿಂದ ಹಲಗೆ ಓರೆಯಾಗಿ ಕಾಣುತ್ತಿತ್ತಂತೆ.
ಹಾಗಾಗಿ ಅವನ ಅಕ್ಷರ ಸಾಯುವವರೆಗೂ ಓರೆ,
ಗಾಳಿಗೆ ಬಾಗಿದ ಭತ್ತದ ಹಾಗೆ ಎಡಕ್ಕೆ ವಾಲಿದ್ದು.
ನನಗೆ ಇಲ್ಲಿಗೆ ಬರೆದ ಒಂದೊಂದು ಕಾಗದವನ್ನೂ
ಕತ್ತು ಸೊಟ್ಟ ಮಾಡಿಯೇ ಓದಿದ್ದೇನೆ.

ಬಹಳ ಹೊತ್ತು ಅವರು ಏನೂ ಹೇಳಲಿಲ್ಲ.
ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದ.
'ಮನವಿಯಲ್ಲಿ ಇದಕ್ಕೊಂದು ಕಲಮು ಇಲ್ಲ' ಅಂದರು ಕೊನೆಗೆ.
ಗೊತ್ತು ಮೇಡಂ.
'ಆ ಮಗು ಕಾವಲುಗಾರನ ಸ್ಟೂಲಿನ ಹತ್ತಿರ ನಿಂತರೆ
ಅಲ್ಲಿಂದ ಹಲಗೆ ಕಾಣುತ್ತದಾ?'

ಗೊತ್ತಿಲ್ಲ. ನಾವಿಬ್ಬರೂ ಹೋಗಿ ನೋಡಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಹೋಗುವುದೆಂದಾಯಿತು.
ಅಷ್ಟರವರೆಗೆ ಬರೆಯುತ್ತಿದ್ದೇನೆ:
ಅರ್ಜಿದಾರಳು ಘಾಲಿಯಾ, ವಯಸ್ಸು ಈಗ ಎಂಟು,
ದಾಖಲೆಗಳು ಇಲ್ಲದೆ